ಉಪ್ಪು ನೋಡುವ ನಾಲಿಗೆ

ಪಲ್ಲಾವರಂ, ಚೆನ್ನೈ
18 ಆಗಸ್ಟ್ 2007

ಗೆಳೆಯ ಭೋಜರಾಜನಿಗೆ ಮೋನಪ್ಪನ ನಮಸ್ಕಾರ.

ಮಗಳ ಮದುವೆ ಸುಸೂತ್ರವಾಗಿ ಮುಗಿಯಿತೆಂದು ನೀನು ಬರೆದ ಪತ್ರ ಒಂದೂವರೆ ತಿಂಗಳಿಂದ ಮೇಜಿನ ಮೇಲೆಯೇ ಇದೆ. ಉತ್ತರಿಸದ್ದಕ್ಕೆ ಬೈಯುವುದಿದ್ದರೆ ಬೈ, ಆದರೆ ಮೊದಲು ಇದನ್ನು ಓದು. ಬೇರೆ ಯಾರಿಗೂ ಹೇಳುವಂಥದ್ದಲ್ಲ.

ನನ್ನ ಮಿಕ್ಸ್ಚರ್ ಕಾರ್ಖಾನೆ ನೀನು ನೋಡಿದ್ದೇ. ಎರಡು ವರ್ಷದಿಂದ ಈ ಊರಿನವರಿಗೆ ಏನೋ ಆಗಿದೆ. ಬೆಳಿಗ್ಗೆ ಬೂಟು ಹಾಕಿ ನಡೆಯುತ್ತಾರೆ, ಓಟ್ಸ್ ಗಂಜಿ ಕುಡಿಯುತ್ತಾರೆ, ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಹಿಂಭಾಗ ಓದಿ ಅಲ್ಲೇ ಇಟ್ಟು ಹೋಗುತ್ತಾರೆ. ಕಳಿಸಿದ ಮಾಲು ವಾಪಸ್ಸು ಬರತೊಡಗಿತು. ಮೂರು ಬಾಣಲೆಗಳಲ್ಲಿ ಎರಡನ್ನು ಕವುಚಿ ಹಾಕಿದೆ. ಹದಿನೆಂಟು ಹೆಂಗಸರಲ್ಲಿ ಏಳು ಜನ ಉಳಿದರು. ಯಾರ ಮೇಲೆ ಸಿಟ್ಟಾಗಲಿ? ಬಿಪಿ ಎಂದು ನನ್ನ ಹೆಂಡತಿ ಸುಗುಣಾಳಿಗೇ ಡಾಕ್ಟರು ಹಪ್ಪಳ, ಉಪ್ಪಿನಕಾಯಿ ಎಲ್ಲ ಬಿಡಿಸಿದ್ದರು.

ಹಾಗಿರುವಾಗ ಅಣ್ಣಾ ನಗರದ ದೊಡ್ಡ ಅಂಗಡಿಯೊಂದರ ಮ್ಯಾನೇಜರ್ ವಿಷ್ಣುತೀರ್ಥ ಬಂದು, "ಕಮ್ಮಿ ಉಪ್ಪಿನ ಮಿಕ್ಸ್ಚರ್ ಮಾಡಿ ಸಾರ್, ಎಷ್ಟಿದ್ರೂ ತಗೋತೀವಿ" ಎಂದು ಉಪ್ಪಿನ ತೂಕ ಬರೆದ ಚೀಟಿ ಕೊಟ್ಟರು. ಅದರಂತೆ ಮಾಡಿ ಬಾಯಿಗೆ ಹಾಕಿದರೆ ಮರದ ಪುಡಿ. ನಾವಿಬ್ಬರೂ ಹೋಟೆಲಿನ ಅಡುಗೆಮನೆಯಲ್ಲಿದ್ದಾಗ ಉಪ್ಪು ನೋಡಲು ಎಲ್ಲರೂ ಸೌಟು ಹಿಡಿದು ನನ್ನ ಹತ್ತಿರವೇ ಬರುತ್ತಿದ್ದರಲ್ಲ, ಆ ಜಂಬ ಇನ್ನೂ ಹೋಗಿರಲಿಲ್ಲ. ಒಂದು ಹಿಡಿ ಸೇರಿಸಿದೆ. ಸಾಲದೆನಿಸಿ ಇನ್ನೊಂದು; ಆದರೂ ಹಳೆಯದಕ್ಕಿಂತ ಕಮ್ಮಿಯೇ ಎಂದಿತು ನಾಲಿಗೆ. ಕರಿಯುವ ಕೆಲಸದ ಅಂಬುಜಾ ರುಚಿ ನೋಡಿ, "ಅಣ್ಣೇ, ಉಪ್ಪು ಕರಿಕ್ಕುದು" ಎಂದು, ಉಪ್ಪು ಹೆಚ್ಚಾಯಿತೆಂದು ತಮಿಳಿನಲ್ಲಿ ಹೇಳಿ ಮುಖ ಹಿಂಡಿದಳು.

"ಉಪ್ಪು ನೋಡ್ಲಿಕ್ಕೆ ನಂಗೆ ನೀನು ಕಲಿಸುದಾ?" ಎಂದು ಗದರಿಸಿ ಕಳಿಸಿದೆ.

ಮೂರು ತಿಂಗಳು ಮಾಲು ಚೆನ್ನಾಗಿ ಹೋಯಿತು. ಇನ್ನೊಂದು ಬಾಣಲೆ ಒಲೆಗೇರಿತು. ದಿನದ ಮೊದಲ ಪೊಟ್ಟಣವನ್ನು ದೇವರ ಮುಂದಿಟ್ಟು ಮನೆಗೆ ಒಯ್ಯುವುದು ನಮ್ಮ ಕ್ರಮ. ಸುಗುಣಾಳಿಗೆ ಕೊಟ್ಟು, "ಇದನ್ನು ಧೈರ್ಯವಾಗಿ ತಿನ್ನು, ಇದು ನಿನ್ನಂಥವರಿಗೇ ಮಾಡಿದ್ದು" ಎನ್ನುತ್ತಿದ್ದೆ. ಅವಳಿಗೆ ಹಬ್ಬ.

ಮೊನ್ನೆ ಗುರುವಾರ ಅಂಗಡಿಯವರು ಮಾಡಿಸಿದ ಪರೀಕ್ಷೆಯ ವರದಿ ಬಂತು. ನಮ್ಮ ಹಳೆಯ ಮಿಕ್ಸ್ಚರಿಗಿಂತ ಇದರಲ್ಲೇ ಉಪ್ಪು ಹೆಚ್ಚು. ಹಳೆಯದಕ್ಕೆ ಅಳತೆಯ ಲೋಟವಿತ್ತು, ಇದಕ್ಕೆ ನನ್ನ ನಾಲಿಗೆಯೇ ಅಳತೆ. ಇಪ್ಪತ್ತು ವರ್ಷ ಉಪ್ಪು ನೋಡಿ ನೋಡಿ ಅದು ಯಾವಾಗಲೋ ಸತ್ತುಹೋಗಿತ್ತು, ನನಗೆ ತಿಳಿಯಲೇ ಇಲ್ಲ. ವಿಷ್ಣುತೀರ್ಥ ಫೋನಿನಲ್ಲಿ, "ಹೀಗೆ ಮೋಸ ಮಾಡ್ಬಾರ್ದಿತ್ತು ಸಾರ್" ಎಂದು ಇಟ್ಟುಬಿಟ್ಟರು. ಮೋಸ ಮಾಡಲಿಲ್ಲ ಭೋಜ. ನೀನಾದರೂ ನಂಬು.

ನಿನ್ನ ಮಗಳು, ಅಳಿಯ ನೂರು ಕಾಲ ಸುಖವಾಗಿರಲಿ. ಮನೆಯವರಿಗೆಲ್ಲ ನನ್ನ ನೆನಪುಗಳು.

ನಿನ್ನ
ಮೋನಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ವರದಿ ಬರುವ ಮೂರು ದಿನ ಮೊದಲು, ಸೋಮವಾರ, ಸುಗುಣಾಳಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಗಿದೆ. ತಾಂಬರಂ ಆಸ್ಪತ್ರೆಯಲ್ಲಿದ್ದಾಳೆ. ಉಪ್ಪು ಬಿಟ್ಟಿದ್ದರಾ ಎಂದು ಡಾಕ್ಟರು ಕೇಳಿದಾಗ, ಪೂರ್ತಿ ಬಿಟ್ಟಿದ್ದಾಳೆಂದು ಎದೆ ತಟ್ಟಿ ಹೇಳಿದ್ದೆ. ನಿನ್ನೆ ಹೋದಾಗ ಅವಳು ದಿಂಬಿನಡಿಯಿಂದ ನಮ್ಮ ಪೊಟ್ಟಣ ತೆಗೆದು, ಎಡಗೈಯಲ್ಲಿ ಪಕ್ಕದ ಹಾಸಿಗೆಯ ಬಿಪಿ ರೋಗಿಗೆ ಚಾಚುತ್ತಿದ್ದಳು. "ತಿನ್ನಿ, ಎಂತ ಆಗುದಿಲ್ಲ. ನಮ್ಮವರೇ ಮಾಡಿದ್ದು" ಎನ್ನುತ್ತಿದ್ದಳು, ತೊದಲುತ್ತ. ಕಸಿದುಕೊಂಡೆ. ಯಾಕೆ ಎಂದು ಕೇಳಿದಳು. ನಾನಿನ್ನೂ ಹೇಳಿಲ್ಲ.