ಹಿಮದ ಎತ್ತಿನ ಕೋಟು

ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ನಮ್ಮ ಜೊತೆಯ ಏಳು ತಿಂಗಳ ಬಸುರಿಗೆ ಐಸ್ ಕೋಣೆ ಬಿಡಿಸಿ ಪ್ಯಾಕಿಂಗ್ ಕೆಲಸ ಕೊಡಿ, ಎಲ್ಲರಿಗೂ ದಪ್ಪ ಕೋಟು ಕೊಡಿ ಎಂದಿದ್ದಕ್ಕೆ ನೀವು, “ಹಿಮದಲ್ಲಿರೋ ಪ್ರಾಣಿಗಳಿಗೆ ಯಾರಮ್ಮ ಕೋಟು ಹೊಲಿಸಿಕೊಟ್ರು?” ಎಂದು ನಕ್ಕಿರಿ. ಮಗಳಿಂದ ಪುಸ್ತಕ ಓದಿಸಿ ಕೇಳಿದೆ. ದೇವರೇ ಹೊಲಿಸಿಕೊಟ್ಟಿದ್ದಾನೆ, ಸಾಹೇಬರೇ. ಅಲ್ಲಿಯ ಕಸ್ತೂರಿ ಎತ್ತಿಗೆ ಒಳಗೆ ಮೆತ್ತನೆ ಉಣ್ಣೆ, ಮೇಲೆ ಮೊಣಕಾಲು ಮುಟ್ಟುವ ಕೂದಲು, ಹೀಗೆ ಎರಡು ಪದರ. ನೀವು ಕೊಟ್ಟಿದ್ದು ಒಂದೇ ಪದರ, ಅದೂ ಮೊಣಕೈಯಲ್ಲಿ ಹರಿದದ್ದು.

ದೇವರು ಅವಕ್ಕೆ ಬುದ್ಧಿಯನ್ನೂ ಕೊಟ್ಟಿದ್ದಾನೆ. ತೋಳ ಬಂದರೆ ಕರುವನ್ನು ನಡುವೆ ಬಿಟ್ಟುಕೊಂಡು, ಕೊಂಬು ಹೊರಗೆ ಮಾಡಿ ಸುತ್ತ ನಿಲ್ಲುತ್ತವಂತೆ.

ನಾಳೆ ಬೆಳಿಗ್ಗೆ ಐಸ್ ಕೋಣೆಯ ಬಾಗಿಲಲ್ಲಿ ನಾವು ಒಂಬತ್ತು ಹೆಂಗಸರು ಹಾಗೇ ನಿಂತಿರುತ್ತೇವೆ. ಅವಳು ನಡುವೆ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಮಾತಾಡುವುದಿದ್ದರೆ ಕೋಟು ಹಿಡಿದುಕೊಂಡು ಬನ್ನಿ.

ಇತಿ,
ದೇವರೊಬ್ಬನನ್ನು ಬಿಟ್ಟು ಯಾರಿಗೂ ಹೆದರದ,
ಮೀನಿನ ಪೆಟ್ಟಿಗೆ ಹೊರುವ ದೊಡ್ಡಕ್ಕ