ಮೋರಿ ಕಲ್ಲಿನ ಮೇಲೆ ನನ್ನ ಹೆಸರು

ಅಕ್ಕಾ,

ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು, ನೇರ ವಿಷಯಕ್ಕೇ ಬರ್ತೀನಿ. ಇಲ್ಲಿನ ಮಂತ್ರಿಗೂ ನನ್ನದೇ ಹೆಸರು! ಉತ್ಖನನಕ್ಕೆ ಅಂತ ಬಂದವನು ಬಾಡಿಗೆ ರೂಮಿನ ಬಾಗಿಲಿಗೆ ಹೆಸರು ಅಂಟಿಸಿದ್ದೇ ತಡ, ಮಂತ್ರಿಗಳ ಹೊಸ ಆಫೀಸು ಅಂದ್ಕೊಂಡು ಬೆಳಗಾಗೋದರಲ್ಲಿ ಮೆಟ್ಟಿಲ ತುಂಬ ಅರ್ಜಿ ಹಿಡಿದ ಜನ. "ನಾನು ಅವರಲ್ಲ, ಹಳೇ ಊರು ಹುಡುಕಿ ಮಣ್ಣು ಅಗೆಯೋನು" ಅಂತ ಬಾಯಿ ನೋಯುವಷ್ಟು ಹೇಳಿದೆ. ಎಲ್ಲರೂ ಹೋದರು. ಕೆಳಗಿನ ಮನೆ ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಅಗೆಯೋನೇ ಬೇಕಾಗಿತ್ತು ಕಣಪ್ಪ. ನಮ್ಮ ಬೀದಿ ಮೋರಿ ಕಟ್ಟಿಕೊಂಡು ಆರು ವರ್ಷ ಆಯ್ತು" ಅಂದಳು.

ಇನ್ನೇನು ಮಾಡಲಿ? ಎರಡು ಭಾನುವಾರ ಕೂತು ಅಗೆದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಬ್ರಷ್ಷಿನಲ್ಲಿ ಗುಡಿಸಿ, ಒಂದೊಂದು ಕಲ್ಲಿಗೂ ನಂಬರ್ ಬರೆದೇ ತೆಗೆದೆ. ಬೀದಿಯವರು ಕುರ್ಚಿ ಹಾಕಿಕೊಂಡು ಕೂತು ನಕ್ಕಿದ್ದೇ ನಕ್ಕಿದ್ದು. ನಲವತ್ತೊಂದನೇ ಕಲ್ಲು ಎತ್ತಿದ್ದೇ ನೀರು ಗುಳುಗುಳು ಅಂತ ಹರಿದೇಬಿಡ್ತು!

ಸೊಂಟ ಹಿಡಿದಿದೆ. ನೀನು ಕೊಟ್ಟ ಮುಲಾಮು ಖಾಲಿ, ಇನ್ನೊಂದು ಡಬ್ಬಿ ಕಳಿಸು.

ನಾಳೆ ಮೋರಿ ಉದ್ಘಾಟನೆಗೆ ಮಂತ್ರಿಗಳೇ ಬರ್ತಾರಂತೆ. ಬೀದಿಯವರು ಆಗಲೇ ಕಲ್ಲಿನ ಮೇಲೆ ಹೆಸರು ಕೆತ್ತಿಸಿ ನೆಟ್ಟಿದ್ದಾರೆ.

"ಇದು ಯಾರ ಹೆಸರಜ್ಜಿ?" ಅಂದೆ.

"ನಿಂದೇ ಕಣಪ್ಪ. ಅವರು ತಮ್ಮದು ಅಂದ್ಕೊಂಡು ಖುಷಿಯಾಗಿ ಹೋಗಲಿ ಬಿಡು" ಅಂದಳು.

ಜಾಗ ಮುಗೀತು.

ನಿನ್ನ ತಮ್ಮ, ಮಂತ್ರಿಯಲ್ಲದವನು