ಮೈಕಿಗೆ ಬಂದವರೆಲ್ಲ ಹಾಡಲೇಬೇಕು

ನನಗೆ ಮೈಕ್ ಹಿಡಿಯಲು ಕಲಿಸಿದ ವಿಶಾಲಕ್ಕನಿಗೆ,

ನಜರ್‌ಬಾದಿನ ಮನೆಗಳಿಗೆ ಆಗಷ್ಟೇ ಕೇಬಲ್ ಬಂದಿತ್ತು. ನಮ್ಮೂರಿನ ಪುಟ್ಟ ಚಾನೆಲ್‌ನ ಸಂಗೀತ ಪ್ರಶಸ್ತಿ ಕಾರ್ಯಕ್ರಮಕ್ಕೆ ನೀವೇ ನಿರೂಪಕಿ. ಹಿಂಜರಿಯುತ್ತಿದ್ದ ನನ್ನನ್ನು ಪರದೆಯ ಹಿಂದಿನಿಂದ ಮೆಲ್ಲಗೆ ದೂಡಿ, "ಹೋಗೇ ಗಿರಿಜಾ, ನೋಡೋರೆಲ್ಲ ನಮ್ಮ ಬೀದಿಯವರೇ" ಎಂದಿರಿ. ಆಗೆಲ್ಲ ಕಾರ್ಯಕ್ರಮದ ದಿನ ಹೆಂಗಸರು ಬೇಗ ಅಡುಗೆ ಮುಗಿಸಿ ಟಿವಿ ಮುಂದೆ ಕೂರುತ್ತಿದ್ದರು. ಆಮೇಲೆ ಯಾವಾಗ ಎದ್ದು ಹೋದರು ಅಕ್ಕಾ? ನಮಗೆ ಗೊತ್ತೇ ಆಗಲಿಲ್ಲವಲ್ಲ...

ನಿಮ್ಮ ಕೊನೆಯ ಕಾರ್ಯಕ್ರಮ ಮುಗಿದಾಗ ನೀವು ಸಭಾಂಗಣದ ಮೆಟ್ಟಿಲ ಮೇಲೆ ಕುಸಿದು ಕೂತಿರಿ. "ಎಷ್ಟು ಜನಕ್ಕೆ ಶಾಲು ಹೊದಿಸಿದ್ವಿ ಕಣೇ. ಒಂದು ಹಾಡಾದ್ರೂ ಪೂರ್ತಿ ಕೇಳಿದ್ವಾ?" ಎಂದಿರಿ. ನಿಜ. ಗಾಯಕರು ಪಲ್ಲವಿ ಮುಗಿಸುವಷ್ಟರಲ್ಲಿ ಸನ್ಮಾನ ಶುರುವಾಗುತ್ತಿತ್ತು. ಆಮೇಲೆ ಸೀರೆ ಅಂಗಡಿಯ ಪುಟ್ಟಬಸಪ್ಪನವರ ಭಾಷಣ. ಜಾಹೀರಾತು ಕೊಡುವವರು ಅವರು, ಯಾರು ನಿಲ್ಲಿಸುತ್ತಾರೆ?

ನಿಮ್ಮ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಕೈ ತೊಳೆಯುವಾಗಲೇ ಚಾನೆಲ್ ಮಾಲೀಕರಾದ ನಂಜುಂಡಪ್ಪನವರು ಮಾತು ತೆಗೆದರು. "ಈ ಪ್ರೋಗ್ರಾಮ್ ನಿಲ್ಲಿಸ್ಬುಡೋಣ ಕಣಮ್ಮ. ವಿಶಾಲಮ್ಮನೇ ಇಲ್ಲ, ನೋಡೋರೂ ಇಲ್ಲ."

"ಒಂದೇ ಒಂದು ಸಲ ನನಗೆ ಬಿಟ್ಟುಕೊಡಿ ಸಾರ್," ಎಂದೆ. "ಭಾಷಣ ಇರಲ್ಲ. ಮೈಕಿಗೆ ಬಂದವರೆಲ್ಲ ಹಾಡಬೇಕು, ಅಷ್ಟೆ."

"ಪುಟ್ಟಬಸಪ್ಪನೋರೂನಾ?" ಎಂದು ಅವರು ನನ್ನನ್ನೇ ನೋಡಿದರು. "ಹೋಗಿ ನೀನೇ ಹೇಳಮ್ಮ. ನಂಗೆ ಧೈರ್ಯ ಇಲ್ಲ."

ಯಾದವಗಿರಿಯಲ್ಲಿ ಪುಟ್ಟಬಸಪ್ಪನವರ ಬಂಗಲೆಗೆ ಹೋಗಿ ಕಾಫಿ ಲೋಟ ಹಿಡಿದು ಕೂತೆ. ನೀವಿದ್ದಿದ್ದರೆ ಎಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದಿರೋ! ನಾನು ತಡವರಿಸುತ್ತ ಹೇಳಿ ಮುಗಿಸಿದೆ. ಅವರ ಮುಖ ಬಿಗಿಯಾಯಿತು.

"ನನ್ನ ಹಾಡ್ಸಿ ಊರನ್ನ ನಗಿಸ್ಬೇಕು ಅಂತಿದೀರಾ?"

ಬಾಗಿಲ ಬಳಿಯಿದ್ದ ಅವರ ಹೆಂಡತಿ, "ಮೊಮ್ಮಗೂನ ಮಲಗ್ಸೋವಾಗ ಹಾಡ್ತೀರಲ್ರೀ, ಅದನ್ನೇ ಹಾಡಿ" ಎಂದರು. ಪುಟ್ಟಬಸಪ್ಪನವರು ಎದ್ದು ಒಳಗೆ ಹೋದರು.

ಕಾರ್ಯಕ್ರಮದ ಸಂಜೆ ನೀವು ನೋಡಬೇಕಿತ್ತು. ಸಭಾಂಗಣ ಬಿಟ್ಟು ನಜರ್‌ಬಾದಿನ ಶಾಲೆಯ ಮೈದಾನಕ್ಕೆ ಬಂದಿದ್ದೆವು. ಸ್ಪರ್ಧೆಗೆ ಬಂದವರು ಒಬ್ಬೊಬ್ಬರಾಗಿ ಪೂರ್ತಿ ಹಾಡು ಹಾಡುತ್ತಿದ್ದರು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರ ಗುಂಪೂ ಹಾಡಲು ಬಂದಿತ್ತು. ಆಗ ಪುಟ್ಟಬಸಪ್ಪನವರು ಮೈಕಿನ ಮುಂದೆ ನಿಂತು ಜೇಬಿನಿಂದ ಕಾಗದ ತೆಗೆದರು. ಮುಗಿಯಿತು ಕಥೆ, ಮತ್ತೆ ಭಾಷಣವೇ ಅಂದುಕೊಂಡೆ. ಅವರು ಅದನ್ನು ನೋಡಿ, ಜನರನ್ನು ನೋಡಿ, ಮಡಚಿ ಜೇಬಿಗಿಟ್ಟುಕೊಂಡರು.

ಜೋಗುಳ ಶುರು ಮಾಡಿದರು ಅಕ್ಕಾ! ಒರಟು ಗಂಟಲು, ಆದರೆ ಕಣ್ಣು ಮುಚ್ಚಿದ್ದರು. ಎರಡನೇ ಸಾಲಿಗೆ ಪದ ಮರೆತು ನಿಂತುಬಿಟ್ಟರು. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಮೇಟಗಳ್ಳಿಯ ಸಿದ್ದಮ್ಮ ಕೂತಲ್ಲಿಂದಲೇ ಆ ಸಾಲು ಎತ್ತಿಕೊಂಡರು. ಗುಂಪಿನವರೆಲ್ಲ ದನಿಗೂಡಿಸಿದರು. ಅವರ ಕಡೆ ಆ ಹಾಡಿನ ಧಾಟಿಯೇ ಬೇರೆ. ಪುಟ್ಟಬಸಪ್ಪನವರು ಸ್ವಲ್ಪ ಹೊತ್ತು ಕೇಳಿ, ಆ ಧಾಟಿಗೇ ತಮ್ಮ ಗಂಟಲು ಸೇರಿಸಿದರು. ಯಾರೂ ನಗಲಿಲ್ಲ. ನನ್ನ ಹಿಂದಿದ್ದ ಕ್ಯಾಮೆರಾದವನು ಕಣ್ಣೊರೆಸಿಕೊಳ್ಳುತ್ತಿದ್ದ.

ಮರುದಿನ ನಂಜುಂಡಪ್ಪನವರಿಗೆ ಫೋನ್ ಕೆಳಗಿಡಲು ಆಗಲಿಲ್ಲ. "ಸೀರೆ ಸಾಹುಕಾರ್ರು, ಮೇಟಗಳ್ಳಿಯೋರು ಹಾಡಿದ್ದು ಇನ್ನೊಂದ್ಸಲ ಹಾಕಿ" ಎಂಬುದೇ ಎಲ್ಲರ ಮಾತು. ನಿಲ್ಲಿಸುವ ಮಾತನ್ನು ಅವರು ಮತ್ತೆ ಎತ್ತಿಲ್ಲ.

ನಿನ್ನೆ ನಂಜುಂಡಪ್ಪನವರೂ ನಾನೂ ಮೇಟಗಳ್ಳಿಗೆ ಹೋಗಿದ್ದೆವು. ಮುಂದಿನ ಕಾರ್ಯಕ್ರಮ ತಮ್ಮ ಬೀದಿಯಲ್ಲೇ ಆಗಬೇಕೆಂದು ಸಿದ್ದಮ್ಮನವರ ಹಟ. ವೇದಿಕೆಗೆ ಜಾಗ ತೋರಿಸಿದರು. ನಂಜುಂಡಪ್ಪನವರು ರಸ್ತೆ ಉದ್ದಕ್ಕೂ ಕಣ್ಣಾಡಿಸಿ, "ಇಲ್ಲಿ ಸಿಟಿ ಬಸ್ ಬರುತ್ತಲ್ಲಮ್ಮಾ?" ಎಂದರು.

"ಬರ್ಲಿ ಬುಡಿ ಸಾ. ಡ್ರೈವರ್ ಕೈಲೂ ಒಂದು ಹಾಡ್ಸುದ್ರಾಯ್ತು!" ಎಂದರು ಸಿದ್ದಮ್ಮ.

ನಂಜುಂಡಪ್ಪನವರು ಒಪ್ಪಿಬಿಟ್ಟರು ಅಕ್ಕಾ. ಮುಂದಿನ ವರ್ಷ ಅಲ್ಲೇ.

ನಿಮ್ಮ
ಗಿರಿಜಾ